ಸಾಬೂನು ಕೊಳ್ಳುವಾಗ ಹೊದಿಕೆ ನೋಡಿ
(ಮಹಿಳಾ ಮಂಡಲದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಸಾಬೂನು ನಾಲ್ಕೇ ದಿನಕ್ಕೆ ಕರಗುತ್ತದೆ, ಮೈ ಬಿರಿಯುತ್ತದೆ ಎಂಬ ದೂರು ಮನೆಮನೆಯಲ್ಲೂ ಇದೆ. ಗೊಬ್ಬರದ ಚೀಲದ ಮೇಲೆ ಸಾರಜನಕ ಶೇಕಡಾ ಎಷ್ಟೆಂದು ನೋಡುವ ನಾವು ಸಾಬೂನಿನ ಹೊದಿಕೆಯನ್ನು ಓದದೆ ಎಸೆಯುತ್ತೇವೆ. ಅದರಲ್ಲಿ ಟಿ.ಎಫ್.ಎಂ. ಎಂದಿರುವುದು ಎಣ್ಣೆ, ಕೊಬ್ಬಿನಿಂದ ಬಂದ ಅಂಶ. ಭಾರತೀಯ ಮಾನಕದಂತೆ ಟಾಯ್ಲೆಟ್ ಸೋಪಿನ ಮೊದಲನೆಯ ದರ್ಜೆಗೆ ಇದು ಶೇಕಡಾ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಆದರೂ ಇರಬೇಕು. "ಬಾತಿಂಗ್ ಬಾರ್" ಎಂದಿದ್ದರೆ 40 ಇದ್ದರೂ ಸಾಕು. ಬಣ್ಣಕ್ಕೂ ಪರಿಮಳಕ್ಕೂ ಮರುಳಾಗಬೇಡಿ.

ಬಿಲ್ಲೆಯ ಬೆಲೆಯೊಂದನ್ನೇ ನೋಡದೆ ತೂಕವನ್ನೂ ನೋಡಿ. ಬೆಲೆ ಏರಿಸದೆ ತೂಕ ಇಳಿಸುವುದುಂಟು. ನೀರು ನಿಲ್ಲುವ ತಟ್ಟೆಯಲ್ಲಿಟ್ಟರೆ ಒಳ್ಳೆಯ ಸಾಬೂನೂ ಕರಗುತ್ತದೆ. ಮೈ ಉರಿದರೆ, ಗಂಧೆ ಎದ್ದರೆ ಬಳಕೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ, ನಕಲಿ ಮಾಲು ಕೊಟ್ಟರೆ, ರಸೀದಿಯನ್ನೂ ಹೊದಿಕೆಯನ್ನೂ ಜೋಪಾನವಾಗಿಟ್ಟು ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಹತ್ತು ರೂಪಾಯಿಯ ಬಿಲ್ಲೆ ತಾನೇ ಎಂದು ಸುಮ್ಮನಿರಬೇಡಿ. ಊರಿನವರೆಲ್ಲ ಸುಮ್ಮನಿದ್ದರೆ ಆ ಹತ್ತು ರೂಪಾಯಿಯೇ ಸಾವಿರವಾಗುತ್ತದೆ.