ಗಿರಣಿಗಿಂತ ಮೊದಲು ಕಣ



ಹಳಿಯಾಳ, ಮುಂಡಗೋಡ, ಜೋಯಿಡಾ ಸೀಮೆಯ ನಾವು ಭತ್ತ ಬೆಳೆಯೋ ಮಂದಿ. ಅಕ್ಕಿ ನುಚ್ಚಾಯ್ತು ಅಂದ್ರೆ ಗಿರಣಿಯವನನ್ನೇ ಬೈತೀವಿ. ಅರ್ಧ ತಪ್ಪು ನಮ್ಮ ಕಣದಲ್ಲೇ ಇರ್ತದೆ. ಸಾಲದ ಕಂತಿನ ಅವಸರಕ್ಕೆ ನಾವೂ ಒಂದು ವರ್ಷ ಹಸಿ ಭತ್ತವನ್ನೇ ಗಿರಣಿಗೆ ಹಾಕಿಸಿ, ನುಚ್ಚಿನ ಬೆಲೆಗೆ ಅಕ್ಕಿ ಮಾರಿದ್ದುಂಟು.

ಗಿರಣಿಗೆ ಹಾಕುವ ಭತ್ತದಲ್ಲಿ ತೇವಾಂಶ ಸುಮಾರು ಶೇ. 14 ಇರಬೇಕು. ಹೆಚ್ಚಾದರೆ ಕಾಳು ಮೆತ್ತಗಾಗಿ ಮುರಿಯುತ್ತದೆ. ಸುಡುಬಿಸಿಲಿಗೆ ಒಮ್ಮೆಲೇ ಒಣಗಿದರೂ, ಒಣಗಿದ್ದು ಇಬ್ಬನಿಗೆ ನೆನೆದರೂ ಕಾಳಿನೊಳಗೆ ಬಿರುಕು ಬೀಳುತ್ತದೆ. ಅದಕ್ಕೇ ತೆಳ್ಳಗೆ ಹರವೋಣ, ಆಗಾಗ ಕೈಯಾಡಿಸೋಣ, ಸಂಜೆ ತಾಡಪತ್ರಿ ಹೊದಿಸೋಣ.

100 ಕಿಲೋ ಭತ್ತದಲ್ಲಿ ಸುಮಾರು 20 ಕಿಲೋ ಹೊಟ್ಟೇ ಹೋಗ್ತದೆ. ಉಳಿದದ್ದನ್ನಾದರೂ ಇಡೀ ಅಕ್ಕಿ ಮಾಡಿಕೊಂಡರೆ ಸಂಘದ ಕಂತೂ ಸಲೀಸು, ಮನೆಯ ಅನ್ನವೂ ಸಲೀಸು.

ಜೈ ಸಹಕಾರ!