ಕೆಮ್ಮಿಲ್ಲ, ನೆಗಡಿಯಿಲ್ಲ, ಆದರೂ ಜ್ವರ

(ಯಳವಿಯಲ್ಲಿ ತಾಯಂದಿರಿಗೆ ಹೇಳಿದ ಮಾತು)



ಕೂಸಿಗೆ ಜ್ವರ ಬಂದರೆ ನಾವು ಏನು ನೋಡುತ್ತೇವೆ? ಕೆಮ್ಮು ಇದೆಯೇ, ಮೂಗು ಸೋರುತ್ತದೆಯೇ, ಭೇದಿ ಆಗುತ್ತದೆಯೇ ಎಂದು ನೋಡುತ್ತೇವೆ. ಯಾವುದೂ ಇಲ್ಲದಿದ್ದರೆ "ಹಲ್ಲು ಬರಾಕತ್ತಾವ, ದೃಷ್ಟಿ ಆಗೇದ" ಅಂತೀವಿ. ಆಗ ಇನ್ನೊಂದನ್ನು ನೆನಪಿಡಬೇಕು. ಅದು ಉಚ್ಚೆಯ ಸೋಂಕು.

ನಮ್ಮ ಮನೆಯದೇ ಮಾತು ಹೇಳುತ್ತೇನೆ. ನನ್ನ ಮಗಳಿಗೆ ಆಗ ಎರಡು ವರ್ಷ. ಜ್ವರ ಬಂತು. ಉಚ್ಚೆ ಹೊಯ್ಯುವಾಗ ಅಳುತ್ತಿದ್ದಳು. "ಉಷ್ಣ ಆಗೇದ" ಎಂದು ಜೀರಿಗೆ ನೀರು ಕುಡಿಸಿದೆ. ನಾಲ್ಕನೇ ದಿನ ದವಾಖಾನೆಗೆ ಹೋದೆ. ಔಷಧ ಕೊಟ್ಟರು. ಎರಡು ದಿನದಲ್ಲಿ ಜ್ವರ ಇಳಿಯಿತು. ಇನ್ನೇನು ಬೇಕು ಎಂದು ಔಷಧ ನಿಲ್ಲಿಸಿದೆ. ವಾರದೊಳಗೆ ಜ್ವರ ತಿರುಗಿ ಬಂತು. ನಾನು ಬಿ.ಎ. ಓದಿದವಳು. ಚೀಟಿ ಓದಿದ್ದೆ, ಅದರಂತೆ ನಡೆಯಲಿಲ್ಲ.

ಈ ರೋಗ ಹೇಗೆ ಬರುತ್ತದೆ? ನಮ್ಮ ಕರುಳಿನಲ್ಲಿ ಇ. ಕೋಲಿ ಎಂಬ ಸಣ್ಣ ಜೀವಿ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. 1885ರಲ್ಲಿ ಎಶೆರಿಶ್ ಎಂಬ ಮಕ್ಕಳ ಡಾಕ್ಟರು ಕೂಸುಗಳ ಮಲದಲ್ಲಿ ಇದನ್ನು ಕಂಡುಹಿಡಿದರು. ಇದು ಉಚ್ಚೆಯ ದಾರಿಗೆ ಸೇರಿದರೆ ಸೋಂಕು ಆಗುತ್ತದೆ. ಹೆಣ್ಣುಮಕ್ಕಳಲ್ಲಿ ಆ ದಾರಿ ಗಿಡ್ಡ, ಅದಕ್ಕೇ ಅವರಿಗೆ ಹೆಚ್ಚು. ಎಳೆ ಗಂಡು ಕೂಸುಗಳಿಗೂ ಬರುತ್ತದೆ. ಸೋಂಕು ಮೇಲೇರಿ ಮೂತ್ರಪಿಂಡಕ್ಕೆ, ಅಂದರೆ ಕಿಡ್ನಿಗೆ ಹೋದರೆ ಅಲ್ಲಿ ಕಲೆ ಉಳಿಯಬಹುದು. ಮುಂದೆ ಬಿ.ಪಿ. ಬರಬಹುದು, ಕಿಡ್ನಿ ಸೊರಗಬಹುದು.

ಗುರುತು ಹೇಗೆ? ಎಳೆ ಕೂಸಿಗೆ ಜ್ವರ, ವಾಂತಿ, ಸುಮ್ಮನೆ ಅಳು. ಮೊಲೆ ಕುಡಿಯುವುದಿಲ್ಲ, ತೂಕ ಏರುವುದಿಲ್ಲ. ದೊಡ್ಡ ಮಕ್ಕಳಿಗೆ ಉರಿ, ಮೇಲಿಂದ ಮೇಲೆ ಉಚ್ಚೆ, ಹೊಟ್ಟೆನೋವು. ಬಿಟ್ಟಿದ್ದ ಮಗು ಮತ್ತೆ ಹಾಸಿಗೆ ತೋಯಿಸುತ್ತದೆ.

ಡಾಕ್ಟರಿಗೆ ಕೇಳಿರಿ: "ಉಚ್ಚೆ ತಪಾಸಣೆ ಮಾಡಿಸಬೇಕೇನ್ರಿ?" ನಾಚಿಕೆ ಬೇಡ. ಔಷಧ ಶುರು ಮಾಡುವ ಮೊದಲೇ ಉಚ್ಚೆ ಹಿಡಿದು ಕೊಡುವುದು ಒಳ್ಳೆಯದು. ಯಾವ ಔಷಧ ನಾಟುತ್ತದೆ ಎಂದು ಅದರಿಂದ ತಿಳಿಯುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಒಂದು ದಿನವೂ ಕಾಯಬೇಡಿರಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿರಿ.

ತಡೆಯುವುದು ಹೇಗೆ? ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಒದ್ದೆ ಬಟ್ಟೆ ಬೇಗ ಬದಲಿಸಿರಿ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿರಿ. ನಮ್ಮ ಜತ್ ತಾಲೂಕು ಬರದ ಸೀಮೆ, ಬೇಸಿಗೆಯಲ್ಲಿ ಒಂದು ಕೊಡ ನೀರಿಗೂ ತ್ರಾಸ. ಆದರೂ ಮಕ್ಕಳು ಕುಡಿಯುವ ನೀರಿನಲ್ಲಿ ಉಳಿತಾಯ ಮಾಡಬೇಡಿರಿ. ಶಾಲೆಯಲ್ಲಿ ಉಚ್ಚೆ ತಡೆದು ಕೂಡಬಾರದು ಎಂದು ಮಕ್ಕಳಿಗೆ ಹೇಳಿರಿ. ಸಂಡಾಸ ಗಟ್ಟಿಯಾದರೂ ಈ ಸೋಂಕು ಬರುತ್ತದೆ. ಸೊಪ್ಪು, ಹಣ್ಣು ತಿನ್ನಿಸಿರಿ.

ಕೊನೆಗೊಂದು ಅಭ್ಯಾಸ. ನೀವು ಈಗ ಅಂಕಿ ಓದಬಲ್ಲಿರಿ. ಔಷಧ ಎಷ್ಟು ದಿನ ಎಂದು ಕೇಳಿ, ಕ್ಯಾಲೆಂಡರಿನಲ್ಲಿ ಅಷ್ಟು ದಿನಕ್ಕೆ ಗುರುತು ಹಾಕಿರಿ. ದಿನಾ ಒಂದು ಗೀಟು ಎಳೆಯಿರಿ. ಜ್ವರ ಇಳಿದರೂ ಕೊನೆಯ ಗೀಟಿನವರೆಗೆ ಔಷಧ ಕೊಡಿರಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿರಿ.