ಹಗಲಿನ ಬಿಸಿಲು, ನಸುಕಿನ ಬಿಸಿನೀರು

(ಮುನವಳ್ಳಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸ)



ಸಂಘಕ್ಕೆ ಒಯ್ದ ಹಾಲು ಹುಳಿಯಾಗಿದೆ ಎಂದು ತಿರುಗಿ ಬಂದರೆ ಮೇವಿನ ಮೇಲೋ ಹವೆಯ ಮೇಲೋ ತಪ್ಪು ಹೊರಿಸುತ್ತೇವೆ. ಬಹಳ ಸಲ ತಪ್ಪು ಪಾತ್ರೆಯದು. ಹಾಲಿನ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲ. ಉಳಿದ ಜಿಡ್ಡಿನಲ್ಲಿ ಸೂಕ್ಷ್ಮಾಣುಗಳು ಬೆಳೆದು ಮುಂದಿನ ಹಾಲನ್ನು ಕೆಡಿಸುತ್ತವೆ. ಅದಕ್ಕೆ ಬಿಸಿನೀರು ಬೇಕು. ಆದರೆ ಬೇಕಾಗುವುದು ನಸುಕಿನ ಐದಕ್ಕೆ. ಆಗ ಎದ್ದು ಹಂಡೆಯ ಕೆಳಗೆ ಕಟ್ಟಿಗೆ, ಕುಳ್ಳು ಒಟ್ಟಿ ಹೊಗೆ ಕುಡಿಯುವವರು ಮನೆಯ ಹೆಣ್ಣುಮಕ್ಕಳು. ಕುಳ್ಳು ಒಲೆಗೆ ಹೋದಷ್ಟೂ ಹೊಲಕ್ಕೆ ಗೊಬ್ಬರ ಕಡಿಮೆ.

ಮೋಡದ ದಿನಗಳನ್ನು ಬಿಟ್ಟರೆ ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ನೀರು ಕಾಯಿಸುವುದು ಸುಲಭ. ಕಾಯ್ದ ನೀರನ್ನು ಬೆಳಗಿನವರೆಗೆ ಕಾಯ್ದಿಡುವುದೇ ಮುಖ್ಯ ಕೆಲಸ. ಅಮೆರಿಕದಲ್ಲಿ 1891ರಲ್ಲಿ ಕೆಂಪ್ ಎಂಬಾತ ಬಿಸಿಲಿನ ನೀರೊಲೆಗೆ ಪೇಟೆಂಟ್ ಪಡೆದ. ಗಾಜಿನ ಪೆಟ್ಟಿಗೆಯೊಳಗೇ ನೀರಿದ್ದುದರಿಂದ ರಾತ್ರಿ ಅದು ಆರಿಹೋಗುತ್ತಿತ್ತು. 1909ರಲ್ಲಿ ಬೇಯ್ಲಿ ಎಂಬಾತ ಕಾಯಿಸುವ ಭಾಗವನ್ನೂ ನೀರಿನ ತೊಟ್ಟಿಯನ್ನೂ ಬೇರೆ ಮಾಡಿ, ತೊಟ್ಟಿಗೆ ಶಾಖ ಸೋರದ ಹೊದಿಕೆ ಹಾಕಿದ. ನಾವು ಕಲಿಯಬೇಕಾದದ್ದು ಇದೇ.

ನೀರಿನಷ್ಟು ಅಗ್ಗದ ಶಾಖದ ಕಣಜ ಬೇರಿಲ್ಲ. ಅಷ್ಟೇ ತೂಕದ ಕಲ್ಲು ಅದರ ಐದರಲ್ಲೊಂದು ಪಾಲು ಶಾಖವನ್ನಷ್ಟೇ ಹಿಡಿಯುತ್ತದೆ. 50 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು 1500 ಕಿಲೋಕ್ಯಾಲರಿ, ಅಂದರೆ ಸುಮಾರು ಒಂದೂಮುಕ್ಕಾಲು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು.

ಮನೆಯಲ್ಲೇ ಮಾಡುವ ಬಗೆ ಹೀಗೆ:

1. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪದ ಚಪ್ಪಟೆ ತಗಡಿನ ತೊಟ್ಟಿ ಮಾಡಿಸಿರಿ. ಇದು 50 ಲೀಟರ್ ಹಿಡಿಯುತ್ತದೆ. ನೀರು ತುಂಬಲು ಮೇಲೊಂದು ಬಾಯಿ, ಬಿಡಲು ಕೆಳಗೊಂದು ನಲ್ಲಿ ಇರಲಿ. ಬಾಯಿಯನ್ನು ಬಿಗಿಯಾಗಿ ಮುಚ್ಚಬೇಡಿರಿ.

2. ತೊಟ್ಟಿಯ ಹೊರಗೆ ಮಾತ್ರ ಕಪ್ಪು ಬಣ್ಣ ಬಳಿದು ಕಟ್ಟಿಗೆಯ ಪೆಟ್ಟಿಗೆಯಲ್ಲಿಡಿರಿ. ಅಡಿಗೂ ಬದಿಗೂ ಒಣ ಹೊಟ್ಟು ತುಂಬಿ, ಮೇಲೆ ಗಾಜು ಕೂಡಿಸಿರಿ.

3. ಮುಖ ದಕ್ಷಿಣಕ್ಕಿರಲಿ, ಉತ್ತರದ ಅಂಚು ಒಂದೂವರೆ ಅಡಿ ಎತ್ತರವಿರಲಿ. ಚಳಿಗಾಲದ ಬಿಸಿಲು ಇದರಿಂದ ಚೆನ್ನಾಗಿ ಬೀಳುತ್ತದೆ.

4. ಬೆಳಿಗ್ಗೆ ನೀರು ತುಂಬಿ, ಸಂಜೆ ನಾಲ್ಕರ ಸುಮಾರಿಗೆ ಮುಚ್ಚಳವಿರುವ ಹಂಡೆಗೆ ಇಳಿಸಿರಿ. ತಡ ಮಾಡಿದರೆ ಗಳಿಸಿದ ಶಾಖ ಗಾಜಿನಿಂದಲೇ ಹೋಗುತ್ತದೆ.

5. ಹಂಡೆಯ ಅಡಿಗೆ, ಸುತ್ತ, ಮೇಲೆ ಒಂದು ಗೇಣು ದಪ್ಪ ಒಣ ಹೊಟ್ಟು ಇಲ್ಲವೆ ಹುಲ್ಲು ಇರಲಿ. ಹೊಟ್ಟು ತೊಯ್ದರೆ ಶಾಖ ಸೋರುತ್ತದೆ. ಎರಡು ಸಣ್ಣ ಪಾತ್ರೆಗಿಂತ ಒಂದು ದೊಡ್ಡ ಪಾತ್ರೆ ಮೇಲು. ಅದು ನಿಧಾನವಾಗಿ ಆರುತ್ತದೆ.

ಬೆಳಿಗ್ಗೆ ಹಾಲಿನ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿರಿ. ನಂತರ ಈ ಬಿಸಿನೀರಿಗೆ ಸೋಡಾ ಹಾಕಿ ಬ್ರಷ್‌ನಿಂದ ಉಜ್ಜಿ, ಶುದ್ಧ ನೀರಿನಲ್ಲಿ ತೊಳೆದು ಬೋರಲು ಹಾಕಿರಿ. ಹಾಲಿನ ಜಿಡ್ಡು 40 ಡಿಗ್ರಿಯ ಹೊತ್ತಿಗೆ ಕರಗುತ್ತದೆ. ಆದರೆ ಈ ನೀರು ಕುದಿಯುವ ನೀರಿನಂತೆ ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ, ಕುಡಿಯಲೂ ತಕ್ಕುದಲ್ಲ. ಕುದಿಸಿ ಹೊಯ್ಯಬೇಕೆಂದಾಗಲೂ ಲಾಭವಿದೆ: 45 ಡಿಗ್ರಿಯ ನೀರನ್ನು ಕುದಿಸಲು, 25 ಡಿಗ್ರಿಯ ನೀರಿಗೆ ಬೇಕಾಗುವುದಕ್ಕಿಂತ ಕಾಲುಭಾಗ ಇಂಧನ ಕಡಿಮೆ ಸಾಕು.

ಮಳೆಗಾಲದಲ್ಲಿ ಒಲೆ ಬೇಕೇ ಬೇಕು. ಉಳಿದ ದಿನಗಳಲ್ಲಿ ನಿಮ್ಮ ಹಿತ್ತಲಲ್ಲಿ ಬಿದ್ದ ಬಿಸಿಲು ಹಂಡೆಯಲ್ಲಿ ರಾತ್ರಿ ಕಳೆಯಲಿ. ಪಾತ್ರೆ ಸ್ವಚ್ಛವಿರಲಿ, ಕುಳ್ಳಿನ ಸೆಗಣಿ ತಿಪ್ಪೆಗೆ ಸೇರಲಿ, ತಾಯಂದಿರ ಕಣ್ಣಿಗೆ ಹೊಗೆ ತಪ್ಪಲಿ.